ಹಾಸನ ಸೀಮೆಯ ಅಳತೆ–ಲೆಕ್ಕ: ನಾಲ್ಕು ಶಾಸ್ತ್ರಗಳ ನೋಟ

ಒಂದು ಪ್ರದೇಶದ ಬದುಕನ್ನು ಅರಿಯಲು ಹೊರಡುವ ಶಾಸ್ತ್ರಗಳು ಹಲವು. ಪುರಾತತ್ತ್ವವು ನೆಲದಲ್ಲಿ ಉಳಿದದ್ದನ್ನು ನೋಡುತ್ತದೆ. ಗಣಿತವು ಪ್ರಮಾಣವನ್ನು ನೋಡುತ್ತದೆ. ತಂತ್ರಜ್ಞಾನದ ಇತಿಹಾಸವು ಮಾಡುವ ಬಗೆಯನ್ನು, ಸಮಾಜವಿಜ್ಞಾನವು ಮಾಡಿದವರನ್ನು ನೋಡುತ್ತವೆ. ಈ ನಾಲ್ಕೂ ಶಾಸ್ತ್ರಗಳ ಸಂಶೋಧನೆ ಹಾಸನ ಜಿಲ್ಲೆಯನ್ನು ಕುರಿತು ಒಂದೂಕಾಲು ಶತಮಾನದಿಂದ ವಿಪುಲವಾಗಿ ನಡೆದಿದೆ. ಆದರೆ ಅವು ಬಹುಮಟ್ಟಿಗೆ ತಂತಮ್ಮ ಜಾಡಿನಲ್ಲೇ ನಡೆದಿವೆ. ಶಾಸನತಜ್ಞರು ಓದಿದ್ದನ್ನು ಗಣಿತಜ್ಞರು ನೋಡಿಲ್ಲ. ದೇವಾಲಯದ ನಕ್ಷೆ ಬರೆದವರು ಕೆರೆಯ ತೂಬಿನ ಕಡೆಗೆ ತಿರುಗಿಲ್ಲ. ಈ ಎಲ್ಲ ಶಾಸ್ತ್ರಗಳೂ ಒಂದೆಡೆ ಸೇರಲೇಬೇಕಾದ ವಿಷಯವೊಂದಿದೆ. ಅದು ಅಳತೆ. ನೆಲ, ನೀರು, ಕಾಳು, ಹೊನ್ನು, ಕಲ್ಲು ಇವನ್ನು ಈ ಸೀಮೆಯ ಜನ ಹೇಗೆ ಅಳೆದರು, ಹೇಗೆ ಲೆಕ್ಕವಿಟ್ಟರು, ಯಾರ ಪಾಲನ್ನು ಎಷ್ಟೆಂದು ನಿರ್ಧರಿಸಿದರು ಎಂಬ ಪ್ರಶ್ನೆಗೆ ಯಾವ ಒಂದು ಶಾಸ್ತ್ರವೂ ತಾನೊಂದೇ ಉತ್ತರ ಹೇಳಲಾರದು. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಆಧಾರಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ನಾಲ್ಕು ತಾಲ್ಲೂಕುಗಳು ಅಕ್ಕಪಕ್ಕದಲ್ಲಿದ್ದರೂ ನೆಲದ ಗುಣದಲ್ಲಿ ಒಂದೇ ಅಲ್ಲ. ಹಾಸನ ಮತ್ತು ಅರಕಲಗೂಡು ತಾಲ್ಲೂಕುಗಳ ಪಶ್ಚಿಮದ ಅಂಚು ಮಲೆನಾಡಿನ ಸೆರಗನ್ನು ಮುಟ್ಟುತ್ತದೆ. ಹೇಮಾವತಿ ನದಿ ಗೊರೂರನ್ನು ಹಾದು ಹೊಳೆನರಸೀಪುರದ ಕಡೆಗೆ ಹರಿಯುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಕಾವೇರಿಯ ದಡದಲ್ಲಿದೆ. ಚನ್ನರಾಯಪಟ್ಟಣದ್ದು ಬಯಲುಸೀಮೆ, ಕೆರೆಯನ್ನು ನಂಬಿದ ನೆಲ. ಹೊಳೆಯ ಅಳತೆ, ಕೆರೆಯ ಅಳತೆ, ಗದ್ದೆಯ ಅಳತೆ, ಹೊಲದ ಅಳತೆ ಇವೆಲ್ಲವೂ ಹತ್ತಿಪ್ಪತ್ತು ಹರದಾರಿಯೊಳಗೆ ಸಿಗುವುದರಿಂದ ತೌಲನಿಕ ಅಧ್ಯಯನಕ್ಕೆ ಇದು ಹೇಳಿ ಮಾಡಿಸಿದ ಪ್ರದೇಶವಾಗಿದೆ.

ಶಾಸನಗಳ ಸಂಗ್ರಹ ಮತ್ತು ಸಂಖ್ಯೆ

ಅಧ್ಯಯನದ ತಳಹದಿ ಶಾಸನಗಳು. ಬಿ.ಎಲ್. ರೈಸ್ ಅವರು ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ, ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ' ಮಾಲೆಯಲ್ಲಿ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಈ ಮಾಲೆಯನ್ನು ಪರಿಷ್ಕರಿಸಿ ಹೊರತಂದಿತು. ಹಾಸನ, ಹೊಳೆನರಸೀಪುರ, ಅರಕಲಗೂಡು ಮೊದಲಾದ ತಾಲ್ಲೂಕುಗಳ ಶಾಸನಗಳು 8ನೆಯ ಸಂಪುಟದಲ್ಲೂ (1984), ಅರಸೀಕೆರೆ–ಚನ್ನರಾಯಪಟ್ಟಣಗಳವು 10ನೆಯ ಸಂಪುಟದಲ್ಲೂ (1997) ಸೇರಿವೆ.

ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಶ್ರವಣಬೆಳಗೊಳದ ಒಂದು ಸಂಪುಟದ ಚರಿತ್ರೆಯನ್ನು ನೋಡಿದರೆ ಸಂಗ್ರಹಕಾರ್ಯದ ಬೆಳವಣಿಗೆ ತಿಳಿಯುತ್ತದೆ. ರೈಸ್ ಅವರ ಸಂಪುಟದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ ಅವರು 1923ರಲ್ಲಿ ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು. 1973ರ ಪರಿಷ್ಕೃತ ಆವೃತ್ತಿಯಲ್ಲಿ 573 ಶಾಸನಗಳಿವೆ. ಬೆಟ್ಟ ಅದೇ, ಬಂಡೆ ಅದೇ. ನೋಡುವ ಕಣ್ಣು ಹೆಚ್ಚಿದಂತೆ ಅಕ್ಷರಗಳು ಕಾಣಿಸಿಕೊಂಡವು. ಇದರಿಂದ ತಿಳಿಯುವ ಎಚ್ಚರಿಕೆಯೂ ಒಂದಿದೆ. 144 ಶಾಸನಗಳನ್ನು ಆಧರಿಸಿ ತೆಗೆದ ತೀರ್ಮಾನ 573 ಶಾಸನಗಳಿಗೆ ಹೊಂದಬೇಕೆಂದಿಲ್ಲ. ದೊರೆತದ್ದು ಇದ್ದದ್ದರ ಒಂದು ಭಾಗವಷ್ಟೇ ಎಂಬುದನ್ನು ಸಂಖ್ಯೆಯ ಮೂಲಕ ಮಾತನಾಡುವ ಯಾವ ಸಂಶೋಧಕನೂ ಮರೆಯುವಂತಿಲ್ಲ.

ಎಂ. ಚಿದಾನಂದಮೂರ್ತಿ ಅವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (1966) ಶಾಸನವನ್ನು ರಾಜರ ವಂಶಾವಳಿಯ ಆಚೆಗೆ, ಜನಜೀವನದ ದಾಖಲೆಯಾಗಿ ಓದುವ ದಾರಿಯನ್ನು ತೆರೆಯಿತು. ದಾನಶಾಸನದ ಕೊನೆಯಲ್ಲಿ ಬರುವ ಗದ್ದೆ, ಬೆದ್ದಲು, ಖಂಡುಗ, ಸಲಗೆ, ಕೊಳಗ, ಕಂಬ, ಗಳೆ, ಗದ್ಯಾಣ, ಪಣ, ಹಾಗ, ವೀಸಗಳ ಪಟ್ಟಿಯನ್ನು ಅದುವರೆಗೆ ಓದುಗರು ಬೇಗ ದಾಟಿಹೋಗುತ್ತಿದ್ದರು. ನಿಜವಾಗಿ ಹಳ್ಳಿಯ ಬದುಕು ಅಡಗಿರುವುದು ಆ ಪಟ್ಟಿಯಲ್ಲಿಯೇ.

ವೀಸದ ಲೆಕ್ಕ, ಹಾಗದ ಬಡ್ಡಿ

ಹೊಯ್ಸಳರ ಕಾಲದ ನಾಣ್ಯವ್ಯವಹಾರದಲ್ಲಿ ಸಾಮಾನ್ಯವಾಗಿ 1 ಗದ್ಯಾಣಕ್ಕೆ 10 ಪಣ. 1 ಪಣಕ್ಕೆ 4 ಹಾಗ. 1 ಹಾಗಕ್ಕೆ 4 ವೀಸ. ಅಂದರೆ ವೀಸವು ಪಣದ ಹದಿನಾರನೆಯ ಒಂದು ಪಾಲು. ಗದ್ಯಾಣವೊಂದಕ್ಕೆ 160 ವೀಸ. ಇಲ್ಲಿ ಎರಡು ಗಣನಕ್ರಮಗಳು ಕೂಡಿರುವುದು ಗಮನಾರ್ಹ. ಮೇಲಿನ ಹಂತದಲ್ಲಿ ಹತ್ತರ ಲೆಕ್ಕ. ಕೆಳಗಿನ ಹಂತದಲ್ಲಿ ಅರ್ಧ, ಕಾಲು, ಅರೆಕಾಲು, ವೀಸ ಎಂಬ ಇಬ್ಭಾಗದ ಲೆಕ್ಕ. ಒಂದು ವಸ್ತುವನ್ನು ಹತ್ತು ಸಮಪಾಲು ಮಾಡುವುದು ಕಷ್ಟ. ಎರಡು ಪಾಲು ಮಾಡುವುದು ಸುಲಭ. ಅದನ್ನೇ ನಾಲ್ಕು ಸಲ ಮಾಡಿದರೆ ಹದಿನಾರು ಪಾಲು ಬರುತ್ತದೆ. ಓದುಬರಹವಿಲ್ಲದವನೂ ತಕ್ಕಡಿಯೊಂದರಿಂದ, ಹಗ್ಗವೊಂದರಿಂದ ಇದನ್ನು ಮಾಡಬಲ್ಲ. ಕೂಲಿಮಠಗಳಲ್ಲಿ ಪೂರ್ಣಸಂಖ್ಯೆಯ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲು, ವೀಸಗಳ ಮಗ್ಗಿಯನ್ನೂ ಬಾಯಿಪಾಠ ಮಾಡಿಸುತ್ತಿದ್ದುದಕ್ಕೆ ಕಾರಣ ಸಂತೆಯ ಅಗತ್ಯವೇ ಹೊರತು ಪಾಂಡಿತ್ಯವಲ್ಲ.

ಶ್ರವಣಬೆಳಗೊಳದ ಹಲವು ಶಾಸನಗಳು ನಿತ್ಯಾಭಿಷೇಕದ ಹಾಲಿಗೆ, ಹೂವಿನ ಮಾಲೆಗೆ ಹೊನ್ನನ್ನು ಇಟ್ಟ ಸಂಗತಿಯನ್ನು ತಿಳಿಸುತ್ತವೆ. ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದ ಸೇವೆ ನಡೆಯಬೇಕೆಂಬುದು ಇಂಥ ದತ್ತಿಗಳ ಸ್ವರೂಪ. ಗದ್ಯಾಣವೊಂದಕ್ಕೆ ತಿಂಗಳಿಗೆ ಒಂದು ಹಾಗ ಬಡ್ಡಿ ಎಂದಿಟ್ಟುಕೊಂಡರೆ ಅದು ನಲವತ್ತರಲ್ಲಿ ಒಂದು ಪಾಲು. ಇಂದಿನ ಮಾತಿನಲ್ಲಿ ತಿಂಗಳಿಗೆ ಶೇಕಡ 2.5, ವರ್ಷಕ್ಕೆ ಶೇಕಡ 30. ಶೇಕಡ ಎಂಬ ಮಾತನ್ನೇ ಬಳಸದೆ, ಭಿನ್ನರಾಶಿಯ ತೊಡಕಿಲ್ಲದೆ, ಒಂದು ನಾಣ್ಯದ ಹೆಸರು ಹೇಳಿ ಬಡ್ಡಿಯ ದರವನ್ನು ಸೂಚಿಸಬಹುದಾಗಿತ್ತು. ಹೊಯ್ಸಳಯುಗದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದದ್ದರ ಹಿನ್ನೆಲೆ ಇದೇ. ಸಂಸ್ಕೃತದಲ್ಲಿ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ' ಅದಾಗಲೇ ಇದ್ದರೂ ವ್ಯಾಪಾರಿ, ಶ್ಯಾನುಭೋಗ, ಅಳತೆಗಾರರಿಗೆ ದೇಶಭಾಷೆಯ ಗಣಿತ ಬೇಕಾಗಿತ್ತು. ಮಹಾವೀರಾಚಾರ್ಯನ ಗ್ರಂಥವನ್ನು ಪದ್ಮಾವತಮ್ಮ ಅವರು ಕನ್ನಡ ಅನುವಾದದೊಂದಿಗೆ 2000ದಲ್ಲಿ ಹೊಂಬುಜದ ಗ್ರಂಥಮಾಲೆಯಿಂದ ಪ್ರಕಟಿಸಿದುದು ಈ ಕ್ಷೇತ್ರದ ಇತ್ತೀಚಿನ ಸಂಶೋಧನೆಗಳಲ್ಲಿ ಮುಖ್ಯವಾದುದು.

ಬೆಳಗೊಳದ ಎಣಿಕೆಯ ಗಣಿತ

ವ್ಯವಹಾರದ ಲೆಕ್ಕದ ಜೊತೆಗೆ ಶುದ್ಧ ಎಣಿಕೆಯ ಗಣಿತವೂ ಇದೇ ನೆಲದೊಡನೆ ನಂಟು ಪಡೆದಿದೆ. ಚಾವುಂಡರಾಯನ ಗುರುವೆಂದು ಪ್ರಸಿದ್ಧನಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು 10ನೆಯ ಶತಮಾನದಲ್ಲಿ 'ಗೊಮ್ಮಟಸಾರ', 'ತ್ರಿಲೋಕಸಾರ' ಎಂಬ ಪ್ರಾಕೃತ ಗ್ರಂಥಗಳನ್ನು ರಚಿಸಿದನು. ಮೊದಲನೆಯದಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡ ವೃತ್ತಿಯನ್ನು ಬರೆದನು. ಇವು ಧರ್ಮಗ್ರಂಥಗಳೆಂದು ಗಣಿತಜ್ಞರು, ಗಣಿತವಿದೆಯೆಂದು ಸಾಹಿತ್ಯದವರು ದೂರವಿಟ್ಟಿದ್ದರು. ಬಿ.ಬಿ. ದತ್ತ ಅವರು 1935ರಲ್ಲಿ ನೇಮಿಚಂದ್ರನ ಗಣಿತವನ್ನು ಕುರಿತು ಬರೆದ ಮೇಲೆ ಈ ಕಡೆ ವಿದ್ವಾಂಸರ ಗಮನ ಹರಿಯಿತು.

'ಗೊಮ್ಮಟಸಾರ'ದ ಜೀವಕಾಂಡದಲ್ಲಿ ಪ್ರಮಾದಗಳ ಎಣಿಕೆ ಬರುತ್ತದೆ. ವಿಕಥೆಗಳು 4, ಕಷಾಯಗಳು 4, ಇಂದ್ರಿಯಗಳು 5, ನಿದ್ರೆ 1, ಪ್ರಣಯ 1, ಒಟ್ಟು 15. ಪ್ರತಿ ಗುಂಪಿನಿಂದ ಒಂದೊಂದನ್ನು ತೆಗೆದುಕೊಂಡರೆ 4×4×5×1×1 ಎಂದು ಲೆಕ್ಕ ಹಾಕಿ 80 ಭಂಗಗಳು ದೊರೆಯುತ್ತವೆ. ಇಷ್ಟಕ್ಕೇ ಗ್ರಂಥ ನಿಲ್ಲುವುದಿಲ್ಲ. ಎಂಬತ್ತನ್ನೂ ಬರೆಯದೆಯೇ ಇಂತಿಷ್ಟನೆಯ ಭಂಗ ಯಾವುದೆಂದು ತಿಳಿಯುವ 'ನಷ್ಟ' ವಿಧಾನವನ್ನೂ, ಇಂಥ ಭಂಗ ಎಷ್ಟನೆಯದೆಂದು ತಿಳಿಯುವ 'ಉದ್ದಿಷ್ಟ' ವಿಧಾನವನ್ನೂ ಹೇಳುತ್ತದೆ. ಮೊದಲ ಗುಂಪು ಬೇಗ ಬದಲಾಗುವ ಕ್ರಮದಲ್ಲಿ 35ನೆಯ ಭಂಗ ಯಾವುದೆಂದು ನೋಡಬಹುದು. 35ನ್ನು 4ರಿಂದ ಭಾಗಿಸಿದರೆ ಶೇಷ 3. ಆದ್ದರಿಂದ ಮೂರನೆಯ ವಿಕಥೆ. ಭಾಗಲಬ್ಧ 8ಕ್ಕೆ 1ನ್ನು ಕೂಡಿಸಿ 9. ಅದನ್ನು 4ರಿಂದ ಭಾಗಿಸಿದರೆ ಶೇಷ 1. ಆದ್ದರಿಂದ ಮೊದಲನೆಯ ಕಷಾಯ. ಭಾಗಲಬ್ಧ 2ಕ್ಕೆ 1ನ್ನು ಕೂಡಿಸಿದರೆ 3. ಅದು ಐದಕ್ಕಿಂತ ಕಡಿಮೆಯಾದುದರಿಂದ ಮೂರನೆಯ ಇಂದ್ರಿಯ. ಶೇಷ ಸೊನ್ನೆಯಾದಲ್ಲಿ ಗುಂಪಿನ ಕೊನೆಯದನ್ನು ಹಿಡಿಯಬೇಕು, ಆಗ ಒಂದನ್ನು ಕೂಡಿಸಬಾರದು. ಪ್ರಸ್ತಾರ, ನಷ್ಟ, ಉದ್ದಿಷ್ಟ ಎಂಬ ಈ ಹೆಸರುಗಳು ಛಂದಶ್ಶಾಸ್ತ್ರದವೂ ಹೌದು. ಗುರು–ಲಘುಗಳ ಜೋಡಣೆಗೆ ಬಳಸಿದ ವಿಧಾನವನ್ನೇ ಮನಸ್ಸಿನ ದೋಷಗಳ ಎಣಿಕೆಗೂ ಬಳಸಿರುವುದು ಶಾಸ್ತ್ರಗಳ ನಡುವೆ ಅಂದು ಗೋಡೆಗಳಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿದೆ.

ಗೊಮ್ಮಟನ ಎತ್ತರ: ಒಂದು ಅಳತೆಯ ಚರಿತ್ರೆ

ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯನು ಮಾಡಿಸಿದ ಗೊಮ್ಮಟಮೂರ್ತಿಯ ಎತ್ತರ ಎಷ್ಟು ಎಂಬ ಸರಳ ಪ್ರಶ್ನೆಗೆ ಎರಡು ಶತಮಾನಗಳಲ್ಲಿ ಹಲವು ಉತ್ತರಗಳು ಬಂದಿವೆ. ಬುಕಾನನ್ ಕೊಟ್ಟ ಅಳತೆ 70 ಅಡಿ 3 ಅಂಗುಲ. ಆರ್ಥರ್ ವೆಲ್ಲೆಸ್ಲಿ ಹೇಳಿದ್ದು 60 ಅಡಿ 3 ಅಂಗುಲ. ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಬೌರಿಂಗ್ ಅಳತೆ ಮಾಡಿಸಿದಾಗ ಬಂದದ್ದು 57 ಅಡಿ. 1871ರ ಮಹಾಮಸ್ತಕಾಭಿಷೇಕದ ಸಮಯದಲ್ಲಿ ಅಟ್ಟಣೆ ಕಟ್ಟಿದ್ದಾಗ ಅಂಗಾಂಗಗಳನ್ನು ಬಿಡಿಬಿಡಿಯಾಗಿ ಅಳೆದರು: ಪಾದದಿಂದ ಕಿವಿಯ ಕೆಳತುದಿಯವರೆಗೆ 50 ಅಡಿ, ಅಲ್ಲಿಂದ ನೆತ್ತಿಯವರೆಗೆ ಸುಮಾರು ಆರೂವರೆ ಅಡಿ, ಪಾದದ ಉದ್ದ 9 ಅಡಿ, ಭುಜಗಳ ಅಗಲ 26 ಅಡಿ. 1980ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರು ಥಿಯೊಡೊಲೈಟ್ ಉಪಕರಣದಿಂದ ಅಳೆದಾಗ 58 ಅಡಿ 8 ಅಂಗುಲ ಬಂದಿತು.

ಈ ವ್ಯತ್ಯಾಸಕ್ಕೆ ಕಾರಣವನ್ನು ಗಣಿತ ವಿವರಿಸಬಲ್ಲದು. ಹತ್ತಲಾಗದ ವಸ್ತುವಿನ ಎತ್ತರವನ್ನು ದೂರ ಮತ್ತು ಕೋನಗಳಿಂದ ಕಂಡುಹಿಡಿಯಬೇಕು. 58 ಅಡಿ ದೂರದಲ್ಲಿ ನಿಂತು ನೋಡಿದಾಗ ನೆತ್ತಿ 45 ಡಿಗ್ರಿ ಕೋನದಲ್ಲಿ ಕಂಡರೆ, ನೋಡುವ ಕಣ್ಣಿನ ಮಟ್ಟದಿಂದ ಅದರ ಎತ್ತರವೂ 58 ಅಡಿ. ಆದರೆ ಕೋನವನ್ನು ಓದುವಾಗ ಒಂದೇ ಒಂದು ಡಿಗ್ರಿ ತಪ್ಪಿದರೂ ಎತ್ತರದಲ್ಲಿ ಸುಮಾರು 2 ಅಡಿ ಹೆಚ್ಚುಕಡಿಮೆಯಾಗುತ್ತದೆ. ಅಳತೆಯ ಆರಂಭ ಎಲ್ಲಿಂದ ಎಂಬುದೂ ಮುಖ್ಯ. ಮೂರ್ತಿ ಬೆಟ್ಟದ ಬಂಡೆಯಲ್ಲೇ ಕಡೆದದ್ದು. ಪಾದವೆಲ್ಲಿ ಮುಗಿಯಿತು, ಪೀಠವೆಲ್ಲಿ ತೊಡಗಿತು ಎಂಬ ತೀರ್ಮಾನದ ಮೇಲೆ ಒಟ್ಟು ಅಳತೆ ಬದಲಾಗುತ್ತದೆ. ಜನಪದರು ತೆಂಗಿನ ಮರದ ಎತ್ತರವನ್ನು ನೆರಳಿನಿಂದ ಅಂದಾಜು ಮಾಡುವುದರಲ್ಲಿಯೂ ಇದೇ ತತ್ತ್ವವಿದೆ. ಕೋಲಿಗೂ ಅದರ ನೆರಳಿಗೂ ಇರುವ ಪ್ರಮಾಣವೇ ಮರಕ್ಕೂ ಮರದ ನೆರಳಿಗೂ ಇರುತ್ತದೆ. ಉಪಕರಣ ಬದಲಾಗಿದೆ, ತ್ರಿಕೋನ ಬದಲಾಗಿಲ್ಲ.

ನಕ್ಷತ್ರಾಕಾರದ ತಳವಿನ್ಯಾಸ

ಹೊಯ್ಸಳ ದೇವಾಲಯಗಳ ಅಧ್ಯಯನಕ್ಕೆ ನರಸಿಂಹಾಚಾರ್ ಅವರ ಸೋಮನಾಥಪುರ (1917), ಬೇಲೂರು ಮತ್ತು ದೊಡ್ಡಗದ್ದವಳ್ಳಿ (1919) ಕುರಿತ ಕಿರುಹೊತ್ತಗೆಗಳು ಮೊದಲ ಮೆಟ್ಟಿಲು. ಎಸ್. ಶೆಟ್ಟರ್, ಗೆರಾರ್ಡ್ ಫೊಕೆಮಾ, ಆಡಮ್ ಹಾರ್ಡಿ ಮೊದಲಾದವರು 1990ರ ದಶಕದಲ್ಲಿ ಪ್ರಕಟಿಸಿದ ಕೃತಿಗಳು ಅಲಂಕಾರದ ವರ್ಣನೆಯಿಂದ ರಚನೆಯ ವಿಶ್ಲೇಷಣೆಗೆ ಗಮನವನ್ನು ತಿರುಗಿಸಿದವು.

ಅರಸೀಕೆರೆಯ ಈಶ್ವರ ದೇವಾಲಯ ಮತ್ತು ಸೋಮನಾಥಪುರದ ಕೇಶವ ದೇವಾಲಯಗಳ ಗರ್ಭಗೃಹದ ಹೊರಮೈಯಲ್ಲಿ ಹದಿನಾರು ಮೂಲೆಗಳ ನಕ್ಷತ್ರವಿದೆ. ಇದನ್ನು ರಚಿಸುವ ಬಗೆ ಹೀಗೆ: ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 22.5 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ನಾಲ್ಕು ಚೌಕಗಳಿಂದ ಹದಿನಾರು ಮೂಲೆಗಳು ಏರ್ಪಡುತ್ತವೆ. ಇದಕ್ಕೆ ಕೋನಮಾಪಕ ಬೇಕಿಲ್ಲ. ಗೂಟ ನೆಟ್ಟು ಹಗ್ಗದಿಂದ ವೃತ್ತ ಎಳೆದು, ಅದನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ, ಹದಿನಾರಾಗಿ ಭಾಗಿಸಿದರೆ ಸಾಕು. ಸಂತೆಯಲ್ಲಿ ಪಣವನ್ನು ವೀಸಕ್ಕೆ ಇಳಿಸಿದ ಕ್ರಮ ಇದೇ ಆಗಿತ್ತು. ಒಂದರಿಂದ ಮತ್ತೊಂದು ಹುಟ್ಟಿತೆಂದು ಹೇಳಲು ಆಧಾರವಿಲ್ಲ. ಆದರೆ ಇಬ್ಭಾಗಿಸುತ್ತ ಹೋಗುವ ವಿಧಾನ ಶಿಲ್ಪಿಗೂ ಶೆಟ್ಟಿಗೂ ಸಮಾನವಾಗಿತ್ತು ಎಂಬುದು ಸ್ಪಷ್ಟ.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವು ಇನ್ನೊಂದು ಬಗೆಯ ಮಾಹಿತಿಯನ್ನು ಒದಗಿಸುತ್ತದೆ. ಅಲ್ಲಿನ ಶಿಲ್ಪಗಳ ಕೆಳಗೆ ಕೆತ್ತಿರುವ ಹೆಸರುಗಳನ್ನು ಗುರುತು ಹಾಕಿ ನೋಡಿದರೆ ದಕ್ಷಿಣದ ಮೈ ನಂದಿಯ ಬೈಚೋಜನದು, ಉತ್ತರದ ಮೈ ಮಲ್ಲಿತಮ್ಮನದು ಎಂದು ತಿಳಿಯುತ್ತದೆ. ದೇವಾಲಯವೂ ಹೊಲದಂತೆ ಪಾಲು ಮಾಡಿಕೊಂಡ ಕೆಲಸದ ನೆಲವಾಗಿತ್ತು. ಎಣಿಕೆ ಮತ್ತು ನಕ್ಷೆಗಳಿಂದ ದೊರೆತ ಈ ಸಂಗತಿ ಕಲೆಯ ಇತಿಹಾಸಕ್ಕೆ ಎಷ್ಟು ಸೇರುತ್ತದೆಯೋ ದುಡಿಮೆಯ ಸಮಾಜಶಾಸ್ತ್ರಕ್ಕೂ ಅಷ್ಟೇ ಸೇರುತ್ತದೆ.

ಬೀಜದಿಂದ ನೆಲದ ಅಳತೆ

ಶಾಸ್ತ್ರಗಳು ಒಂದನ್ನೊಂದು ಕೇಳದಿದ್ದರೆ ಆಗುವ ಅನರ್ಥಕ್ಕೆ ಖಂಡುಗವೇ ಉತ್ತಮ ನಿದರ್ಶನ. ಖಂಡುಗ ಮೂಲತಃ ಕಾಳಿನ ಅಳತೆ. 20 ಕೊಳಗಕ್ಕೆ 1 ಖಂಡುಗ. ಅಷ್ಟು ಬೀಜ ಬಿತ್ತಲು ಬೇಕಾಗುವ ನೆಲವೂ ಖಂಡುಗವೇ. ಗದ್ದೆಯಲ್ಲಿ ಬಿತ್ತನೆ ಒತ್ತಾಗಿರುತ್ತದೆ, ಬೆದ್ದಲಲ್ಲಿ ವಿರಳವಾಗಿರುತ್ತದೆ. ಆದ್ದರಿಂದ ಖಂಡುಗ ಗದ್ದೆಗಿಂತ ಖಂಡುಗ ಹೊಲ ಬಹು ದೊಡ್ಡದು. ಹಳೆಯ ಮೈಸೂರು ಗೆಜೆಟಿಯರಿನ ಪ್ರಕಾರ ಖಂಡುಗ ಗದ್ದೆ 10,000 ಚದರ ಗಜ, ಖಂಡುಗ ಬೆದ್ದಲು 64,000 ಚದರ ಗಜ. ಎಕರೆಗೆ 4,840 ಚದರ ಗಜದಂತೆ ಮೊದಲನೆಯದು ಎರಡು ಎಕರೆಗೆ ತುಸು ಹೆಚ್ಚು, ಎರಡನೆಯದು ಹದಿಮೂರು ಎಕರೆಗೆ ತುಸು ಹೆಚ್ಚು. ಇದನ್ನು ತಿಳಿಯದೆ ಶಾಸನದ ಖಂಡುಗಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಎಕರೆಗೆ ಇಳಿಸಿ ಕೂಡಿದರೆ ದಾನದ ಗಾತ್ರ ಆರು ಪಟ್ಟಿಗೂ ಮೀರಿ ತಪ್ಪಾಗಬಹುದು. ಆ ತಪ್ಪು ಲೆಕ್ಕದ ಮೇಲೆ ಅಗ್ರಹಾರಗಳ ಸಂಪತ್ತು, ರೈತರ ಹೊರೆ, ಅರಸನ ಔದಾರ್ಯಗಳ ಬಗೆಗಿನ ಸಿದ್ಧಾಂತಗಳು ನಿಂತರೆ ಇತಿಹಾಸವೇ ಓರೆಯಾಗುತ್ತದೆ.

ಹೊರನೋಟಕ್ಕೆ ಇದು ಅಶಾಸ್ತ್ರೀಯ ಅಳತೆಯಂತೆ ಕಾಣುತ್ತದೆ. ಆದರೆ ಎಕರೆಯು ನೆಲದ ವಿಸ್ತಾರವನ್ನಷ್ಟೇ ಹೇಳಿದರೆ ಖಂಡುಗವು ನೆಲ, ಬೀಜ ಮತ್ತು ಬೇಸಾಯದ ಕ್ರಮ ಮೂರನ್ನೂ ಒಟ್ಟಿಗೆ ಹೇಳುತ್ತದೆ. ರೈತನಿಗೆ ಬೇಕಾದದ್ದು ಈ ಮಾಹಿತಿಯೇ. ನೆಲವನ್ನು ಗಳೆಯಿಂದ ಅಳೆದಾಗಲೂ ಯಾವ ಗಳೆಯಿಂದ ಎಂದು ಶಾಸನಗಳು ಹೆಸರಿಸಿ ಹೇಳುವುದುಂಟು. ಗಳೆ ಬದಲಾದರೆ ಪಾಲು ಬದಲಾಗುತ್ತದೆ ಎಂಬ ಅರಿವು ಅದರ ಹಿಂದಿದೆ.

ಕಣದಲ್ಲಿ ಕಾಳು ಅಳೆಯುವಾಗಿನ ಆಚರಣೆಗಳು ಜಾನಪದಕ್ಕೆ ಸೇರಿದವು. ರಾಶಿಪೂಜೆಯ ಬಳಿಕ ಮೊದಲ ಕೊಳಗವನ್ನು 'ಒಂದು' ಎನ್ನದೆ 'ಲಾಭ' ಎಂದು ಎಣಿಸುವ ಪದ್ಧತಿ ಹಳೆಯ ಮೈಸೂರು ಸೀಮೆಯಲ್ಲಿ ವ್ಯಾಪಕವಾಗಿತ್ತು. ಇದನ್ನು ನಂಬಿಕೆಯೆಂದು ದಾಖಲಿಸಿ ಬಿಡುವುದು ವಾಡಿಕೆ. ಆದರೆ ಕಣದ ಅಳತೆ ಹಂಚಿಕೆಯ ಕ್ಷಣವೂ ಹೌದು. ಒಡೆಯನ ಪಾಲು, ಗೇಣಿಯ ಪಾಲು, ಬಡಗಿ, ಕಮ್ಮಾರ, ಅಗಸ, ಕ್ಷೌರಿಕ, ತಳವಾರ, ನೀರುಗಂಟಿ ಮೊದಲಾದ ಆಯಗಾರರ ಪಾಲು ಎಲ್ಲವೂ ಅಲ್ಲಿಯೇ, ಎಲ್ಲರ ಕಣ್ಣೆದುರಿಗೇ ತೀರ್ಮಾನವಾಗುತ್ತಿದ್ದವು. ಕೊಳಗವನ್ನು ಮಟ್ಟಸವಾಗಿ ಅಳೆಯುವುದೋ, ತಲೆಯೆತ್ತಿ ರಾಶಿಯಾಗಿ ತುಂಬುವುದೋ ಎಂಬುದು ಚಿಕ್ಕ ಪ್ರಶ್ನೆಯಲ್ಲ. ಪಾತ್ರೆಯ ಎತ್ತರ ಬಾಯಿಯ ಅಗಲದಷ್ಟೇ ಇದ್ದು, ಕಾಳಿನ ರಾಶಿ 30 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆಂದು ಭಾವಿಸಿದರೆ ತಲೆಯೆತ್ತಿದ ಭಾಗ ಸುಮಾರು ಹತ್ತರಲ್ಲಿ ಒಂದು ಪಾಲು. ಎತ್ತರವು ಅಗಲದ ಅರ್ಧದಷ್ಟಿದ್ದರೆ ಅದು ಐದರಲ್ಲಿ ಒಂದು ಪಾಲಿನ ಹತ್ತಿರಕ್ಕೆ ಬರುತ್ತದೆ. ಬಾಯಗಲದ ಪಾತ್ರೆಯಲ್ಲಿ ತಲೆಯೆತ್ತಿ ಪಡೆದು ಮಟ್ಟಸವಾಗಿ ಕೊಡುವವನು ಮಾತಿಗೆ ತಪ್ಪದೆಯೇ ಐದಕ್ಕೊಂದನ್ನು ಉಳಿಸಿಕೊಳ್ಳಬಹುದು. ಅಳತೆಯ ಮಾತಿನಲ್ಲಿ ನ್ಯಾಯ–ಅನ್ಯಾಯದ ಮಾತು ಸೇರಿಕೊಂಡಿರುವುದು ಹೀಗೆ.

ತೂಬು, ಕೋಡಿ ಮತ್ತು ನೀರುಗಂಟಿ

ಕೆರೆಯ ತಂತ್ರಜ್ಞಾನದಲ್ಲಿ ಏರಿ, ತೂಬು, ಕೋಡಿ ಎಂಬ ಮೂರು ಅಂಗಗಳು. ಏರಿ ನೀರನ್ನು ತಡೆಯುತ್ತದೆ. ತೂಬು ಬೇಕಾದಷ್ಟನ್ನು ಬಿಡುತ್ತದೆ. ಕೋಡಿ ಹೆಚ್ಚಾದುದನ್ನು ಹೊರಕ್ಕೆ ಕಳುಹಿಸಿ ಏರಿಯನ್ನು ಕಾಪಾಡುತ್ತದೆ. ಕೆರೆ ಕಟ್ಟಿಸಿದವನಿಗೆ, ದುರಸ್ತಿ ಮಾಡಿದವನಿಗೆ ಕೊಡುತ್ತಿದ್ದ ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆಗಳು ಶಾಸನಗಳಲ್ಲಿ ಪದೇ ಪದೇ ಬರುತ್ತವೆ. ನಿರ್ವಹಣೆಗೆ ಹಣವಿಲ್ಲದೆ ತಂತ್ರಜ್ಞಾನ ಉಳಿಯದು ಎಂಬ ತಿಳಿವಳಿಕೆ ಈ ದತ್ತಿಗಳಲ್ಲಿದೆ. ಕೆರೆಗೆ ಹಾರವಾದ ಹೆಣ್ಣಿನ ಕಥೆಗಳು ಹೇಳುವುದು ಇದೇ ಸಂಗತಿಯ ಮತ್ತೊಂದು ಮುಖವನ್ನು. ಶಾಸನವು ಕಟ್ಟಿಸಿದವನ ಪುಣ್ಯವನ್ನು ಬರೆದರೆ, ಜನಪದ ಕಥನವು ತೆತ್ತವಳ ಬೆಲೆಯನ್ನು ನೆನೆಯುತ್ತದೆ.

ನೀರಿನ ಹಂಚಿಕೆ ನೀರುಗಂಟಿಯ ಕೈಯಲ್ಲಿತ್ತು. ತೂಬಿನ ಕಣ್ಣನ್ನು ಎಷ್ಟು ತೆರೆದರೆ ಎಷ್ಟು ಹೊತ್ತಿಗೆ ಯಾವ ಗದ್ದೆ ತುಂಬುತ್ತದೆ, ಬರದ ವರ್ಷದಲ್ಲಿ ಮೇಲಿನ ಬಯಲಿಗೆ ಎಷ್ಟು, ಕೆಳಗಿನ ಬಯಲಿಗೆ ಎಷ್ಟು ಎಂಬ ಲೆಕ್ಕ ಅವನ ಅನುಭವದಲ್ಲಿತ್ತು. ಊರಿನ ಶ್ರೇಣಿಯಲ್ಲಿ ಅವನ ಸ್ಥಾನ ಕೆಳಗಿನದು. ಊರಿನ ಅನ್ನದ ಕೀಲು ಅವನ ಕೈಯಲ್ಲಿ. ಈ ವಿರೋಧಾಭಾಸವನ್ನು ಸಮಾಜವಿಜ್ಞಾನ ಇನ್ನೂ ಗಂಭೀರವಾಗಿ ಪರಿಶೀಲಿಸಬೇಕಾಗಿದೆ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆಯು ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಜಾತಿಗೆ ಕಟ್ಟುಬಿದ್ದ ಬಿಟ್ಟಿಚಾಕರಿಯಿಂದ ಬಿಡುಗಡೆ ದೊರೆತದ್ದು ಆಗಲೇಬೇಕಾಗಿದ್ದ ಸುಧಾರಣೆ. ಆದರೆ ಆ ಹುದ್ದೆಯೊಡನಿದ್ದ ಜ್ಞಾನವನ್ನು ಬರೆದಿಡುವ ಕೆಲಸ ಅದರ ಜೊತೆಗೆ ನಡೆಯಲಿಲ್ಲ.

ಹೊಳೆಯ ನೀರಿನ ಚರಿತ್ರೆ ಬೇರೆ ಬಗೆಯದು. ಕಾವೇರಿ, ಹೇಮಾವತಿಗಳಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ ನಾಲೆ ತೆಗೆಯುವ ಪದ್ಧತಿ ಅರಕಲಗೂಡು, ಹೊಳೆನರಸೀಪುರ ಸೀಮೆಗಳಲ್ಲಿ ಹಳೆಯದು. ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಪ್ರಮಾಣವೇ ಬದಲಾಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರು ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿದ, ಹೊಳೆಯ ಬದುಕನ್ನು ಚಿತ್ರಿಸಿದ ನೆಲದಲ್ಲಿ ಜಲಾಶಯ ನಿಂತಿತು. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ನೀರು ಏರಿದಾಗ ಮುಳುಗಿ ಇಳಿದಾಗ ಕಾಣುತ್ತವೆ. ದೂರದ ಬಯಲಿಗೆ ನೀರು ಹರಿದದ್ದು ಎಷ್ಟು ನಿಜವೋ, ಮುಳುಗಿದ ಊರುಗಳ ಹೊಲಗಳ ಹೆಸರು, ಗಡಿಕಲ್ಲು, ಅಳತೆಯ ನೆನಪುಗಳು ಚದುರಿದ್ದೂ ಅಷ್ಟೇ ನಿಜ.

ಕಲ್ಲುಗಳ ಇಂದಿನ ಸ್ಥಿತಿ, ಹೊಸ ಉಪಕರಣಗಳು

ವೀರಗಲ್ಲುಗಳ ಅಧ್ಯಯನಕ್ಕೆ ಆರ್. ಶೇಷಶಾಸ್ತ್ರಿ ಅವರ 'ಕರ್ನಾಟಕದ ವೀರಗಲ್ಲುಗಳು', ಶೆಟ್ಟರ್ ಮತ್ತು ಸೊಂಥೈಮರ್ ಅವರು 1982ರಲ್ಲಿ ಸಂಪಾದಿಸಿದ ಸ್ಮಾರಕಶಿಲೆಗಳ ಕುರಿತ ಸಂಪುಟ ಮುಖ್ಯ ಆಕರಗಳು. ಶ್ರವಣಬೆಳಗೊಳದ ನಿಸಿದಿ ಶಾಸನಗಳನ್ನು ಆಧರಿಸಿ ಶೆಟ್ಟರ್ ಅವರು ಸಲ್ಲೇಖನವನ್ನು ಕುರಿತು ನಡೆಸಿದ ಅಧ್ಯಯನವು ಸಾವಿನಂಥ ವಿಷಯವನ್ನೂ ಕಾಲ, ಲಿಂಗ, ಪಂಥಗಳ ಪ್ರಕಾರ ವಿಂಗಡಿಸಿ ನೋಡಲು ಸಾಧ್ಯವೆಂದು ತೋರಿಸಿತು. ತುರುಗೋಳಿನಲ್ಲಿ ಮಡಿದವನ ಕಲ್ಲು, ಊರಳಿವಿನಲ್ಲಿ ಮಡಿದವನ ಕಲ್ಲು ಎಂದು ವರ್ಗೀಕರಿಸಿ ನಕ್ಷೆಯಲ್ಲಿ ಗುರುತಿಸಿದರೆ ದನಗಳ ದಾರಿ, ಸೀಮೆಗಳ ಗಡಿ, ಘರ್ಷಣೆಯ ನೆಲೆಗಳು ತಾವಾಗಿ ಗೋಚರಿಸುತ್ತವೆ.

ಆದರೆ ಇದಕ್ಕೆ ಕಲ್ಲು ನಿಂತ ಜಾಗದಲ್ಲೇ ಇರಬೇಕು. ಕೆಲವು ವೀರಗಲ್ಲುಗಳು ಗ್ರಾಮದೇವತೆಯ ಪಕ್ಕ ಸೇರಿ ಎಣ್ಣೆ–ಅರಿಸಿನ ಪಡೆದು ದೇವರಾಗಿ ಉಳಿದಿವೆ. ಕೆಲವು ತೂಬಿನ ಚಪ್ಪಡಿಯಾಗಿ, ಬಟ್ಟೆ ಒಗೆಯುವ ಕಲ್ಲಾಗಿ, ರಸ್ತೆಯ ತಳಪಾಯವಾಗಿ ಸವೆದುಹೋಗುತ್ತವೆ. ನಂಬಿಕೆ ಉಳಿಸಿದ ಕಲ್ಲುಗಳ ಸಂಖ್ಯೆ ಕಾನೂನು ಉಳಿಸಿದ ಕಲ್ಲುಗಳಿಗಿಂತ ಕಡಿಮೆಯೇನಲ್ಲ. ಸಂರಕ್ಷಿತ ಸ್ಮಾರಕಗಳೂ ಅಪಾಯದಿಂದ ಹೊರತಲ್ಲ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದ ಕಾಳಿಯ ಮೂರ್ತಿ 2020ರ ನವೆಂಬರಿನಲ್ಲಿ ಭಗ್ನವಾದದ್ದು ಇದಕ್ಕೆ ನಿದರ್ಶನ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು ಸಂತೋಷದ ಸಂಗತಿ. ಪಟ್ಟಿಗೆ ಸೇರದ ನೂರಾರು ಹಳ್ಳಿಗಳ ಕಲ್ಲುಗಳ ಜವಾಬ್ದಾರಿ ಅದರಿಂದ ಕಡಿಮೆಯಾಗುವುದಿಲ್ಲ.

ಇಲ್ಲಿ ಹೊಸ ತಂತ್ರಜ್ಞಾನ ನೆರವಿಗೆ ಬರುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು ಆ ಪ್ರದೇಶದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗಿಗೆ ಒಳಪಡಿಸಿ ದಾಖಲಿಸಿರುವುದು ಅನುಸರಣಯೋಗ್ಯ ಮಾದರಿ. ಹಿಂದೆ ಕಾಗದವನ್ನು ಕಲ್ಲಿಗೆ ಒತ್ತಿ ಮಸಿ ಬಳಿದು ಪಡಿಯಚ್ಚು ತೆಗೆಯುತ್ತಿದ್ದರು. ಸ್ಕ್ಯಾನರ್ ಕಲ್ಲಿನ ಮೈಯ ಏರಿಳಿತವನ್ನೇ ಅಳೆಯುತ್ತದೆ. ಬೆಳಕಿನ ದಿಕ್ಕನ್ನು ಕಂಪ್ಯೂಟರಿನಲ್ಲಿ ಬದಲಿಸುತ್ತ ಹೋದಂತೆ ಕಣ್ಣಿಗೆ ಮಾಸಿದ ಅಕ್ಷರವೂ ನೆರಳಾಗಿ ಮೂಡುತ್ತದೆ. ಆದರೆ ಅಕ್ಷರವನ್ನು ತೋರಿಸುವ ಯಂತ್ರ ಅದರ ಅರ್ಥವನ್ನು ಹೇಳುವುದಿಲ್ಲ. 'ಸಲಗೆ' ಎಂಬ ಪದ ಸ್ಪಷ್ಟವಾಗಿ ಕಂಡಿತು. ಆ ಸಲಗೆ ಈ ಊರಿನಲ್ಲಿ ಎಷ್ಟು ಕೊಳಗ, ಆ ಕೊಳಗ ಎಷ್ಟು ಸೇರು ಎಂಬುದನ್ನು ಹೇಳಬೇಕಾದವರು ಊರಿನ ಹಿರಿಯರು.

ಉಪಸಂಹಾರ

1956ರ ತೂಕ ಮತ್ತು ಅಳತೆಗಳ ಕಾಯ್ದೆಯಿಂದ ದೇಶಕ್ಕೆಲ್ಲ ಒಂದೇ ಮಾನ ಬಂದಿತು. ವ್ಯಾಪಾರದಲ್ಲಿ ಮೋಸ ತಗ್ಗಲು ಅದು ಅಗತ್ಯವಾಗಿತ್ತು. ಆದರೆ ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗಗಳನ್ನು ಕೈಯಲ್ಲಿ ಹಿಡಿದು ಅಳೆದ, ಚೋಟು, ಗೇಣು, ಮೊಳ, ಮಾರುಗಳಲ್ಲಿ ಲೆಕ್ಕ ಹೇಳಿದ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಊರಿಂದೂರಿಗೆ ಬದಲಾಗುತ್ತಿದ್ದ ಈ ಮಾನಗಳ ಪಟ್ಟಿ ಯಾವ ಶಾಸನದಲ್ಲೂ ಪೂರ್ಣವಾಗಿ ಇಲ್ಲ. ಅದು ಅವರ ನೆನಪಿನಲ್ಲಿದೆ. ಮನೆಯ ಅಟ್ಟದ ಮೇಲೆ ದೂಳು ಹಿಡಿದಿರುವ ಕಬ್ಬಿಣದ ಕಟ್ಟಿನ ಕೊಳಗವೊಂದರಲ್ಲಿ ನೀರು ತುಂಬಿ ಲೀಟರಿನಲ್ಲಿ ಅಳೆದು ಬರೆದುಕೊಂಡರೆ ಆ ಊರಿನ ಶಾಸನವನ್ನು ಓದಲು ಹೊಸ ಆಧಾರ ದೊರೆಯುತ್ತದೆ.

ಆದುದರಿಂದ ಮುಂದಿನ ಕಾರ್ಯವನ್ನು ಹೀಗೆ ಯೋಜಿಸಬಹುದು. ನಾಲ್ಕೂ ತಾಲ್ಲೂಕುಗಳಲ್ಲಿ ಹೋಬಳಿವಾರು ಅಳತೆಯ ಪದಕೋಶವನ್ನು ಸಿದ್ಧಪಡಿಸುವುದು. ಉಳಿದಿರುವ ಅಳತೆಯ ಪಾತ್ರೆ, ಗಳೆ, ತೂಬುಗಳನ್ನು ಗಣಿತದ ವಿದ್ಯಾರ್ಥಿಗಳಿಂದ ಅಳೆಯಿಸುವುದು. ಅದೇ ಹೋಬಳಿಯ ಶಾಸನಗಳ ದಾನವಿವರಗಳೊಡನೆ ಹೋಲಿಸುವುದು. ಬಯಲಿನಲ್ಲಿರುವ ಕಲ್ಲುಗಳನ್ನು ನಿಂತ ಜಾಗದ ಸಮೇತ ಡಿಜಿಟಲ್ ನಕ್ಷೆಗೆ ಸೇರಿಸುವುದು. ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಶಾಸ್ತ್ರಗಳು ಒಂದರ ಮನೆಗೆ ಮತ್ತೊಂದು ಹೋಗಿಬರುವ ಸೌಜನ್ಯ ಬೇಕು. ಕಲ್ಲಿನ ಮೇಲಿನ ಅಕ್ಷರಕ್ಕೆ ಇನ್ನೂ ಕೆಲವು ಕಾಲ ಆಯುಸ್ಸಿರಬಹುದು. ಅದಕ್ಕೆ ಅರ್ಥ ಹೇಳಬಲ್ಲ ನಾಲಗೆಗಳಿಗೆ ಅಷ್ಟು ಕಾಲವಿಲ್ಲ. ಸಂಶೋಧನೆಯು ಮೊದಲು ಯಾವ ಬಾಗಿಲನ್ನು ತಟ್ಟಬೇಕೆಂಬುದನ್ನು ಇದರಿಂದಲೇ ನಿರ್ಧರಿಸಬೇಕಾಗಿದೆ.